ಔಷಧ ಕಂಪನಿಯಲ್ಲಿ ಬೆಳೆಯಲು ಮೊದಲು ಮಾಸ್ಟರ್ಸ್ ಮಾಡಬೇಕಾ, ಕೆಲಸಕ್ಕೆ ಸೇರಬೇಕಾ?

ಡಿಗ್ರಿ ಮುಗಿಯುವ ಹೊತ್ತಿಗೆ ಕೆಲವರ ಕೈಯಲ್ಲಿ ಎರಡು ಕಾಗದ ಇರುತ್ತವೆ. ಒಂದು, ಮಾಸ್ಟರ್ಸ್ ಸೀಟು ಸಿಕ್ಕಿದೆ ಎಂಬ ಪತ್ರ. ಇನ್ನೊಂದು, ಔಷಧ ಕಂಪನಿಯ ಆಫರ್ ಲೆಟರ್. ಎರಡಕ್ಕೂ 15 ದಿನದಲ್ಲಿ ಉತ್ತರ ಕೊಡಬೇಕು. ಮನೆಯಲ್ಲಿ ಒಬ್ಬರು ‘ಓದೋ ವಯಸ್ಸಲ್ಲಿ ಓದಿಬಿಡು’ ಅನ್ನುತ್ತಾರೆ. ಇನ್ನೊಬ್ಬರು ‘ಬಂದ ಕೆಲಸ ಬಿಡಬೇಡ’ ಅನ್ನುತ್ತಾರೆ. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನೀವು ಮುಂದೆ ಮಾಡಬೇಕೆಂದಿರುವ ಕೆಲಸ ಯಾವುದು ಅಂತ ಇಬ್ಬರೂ ಕೇಳಿರುವುದಿಲ್ಲ.

ನಾನೂ ಆ ಎರಡು ಕಾಗದ ಹಿಡಿದು ಕೂತಿದ್ದೆ. ಕೆಲಸ ಆರಿಸಿಕೊಂಡೆ. 4 ವರ್ಷ ಮೆಡಿಕಲ್ ರೆಪ್ ಆಗಿ ಡಾಕ್ಟರುಗಳನ್ನು ಕಂಡೆ. ಆಮೇಲೆ ಎಂಬಿಎ ಮಾಡಿದೆ, ಕೆಲವು ವರ್ಷ ಬ್ರ್ಯಾಂಡ್ ನೋಡಿಕೊಂಡೆ. ಈಗ ಬೇರೆ ಕಂಪನಿಗಳು ಕಂಡುಹಿಡಿದ ಔಷಧಗಳ ಲೈಸೆನ್ಸ್ ತರುವ ವಿಭಾಗದಲ್ಲಿದ್ದೇನೆ. ಹೊಸಬರ ಇಂಟರ್‌ವ್ಯೂ ಮಾಡುವುದೂ ಕೆಲಸದ ಭಾಗ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತು ಒಂದಿದೆ. ಓದು ಮೊದಲಾ ಅನುಭವ ಮೊದಲಾ ಅನ್ನುವುದನ್ನು ತೀರ್ಮಾನಿಸುವುದು ಆ ಕೆಲಸದಲ್ಲಿ ನಿಮ್ಮ ಎದುರು ಬಂದು ಕೂರುವವರು.

ಅವರು ಕೇಳುವುದು ಎರಡೇ ಬಗೆಯ ಪ್ರಶ್ನೆ. ‘ಇದು ನಿಮಗೆ ಗೊತ್ತಾ?’ ಅನ್ನುವುದು ಒಂದು. ‘ಇದನ್ನು ಹಿಂದೆ ಮಾಡಿದ್ದೀರಾ?’ ಅನ್ನುವುದು ಇನ್ನೊಂದು. ಮೊದಲನೆಯದನ್ನೇ ಜಾಸ್ತಿ ಕೇಳುವ ಕಡೆ ಡಿಗ್ರಿ ಬೇಕು. ಎರಡನೆಯದನ್ನೇ ಕೇಳುವ ಕಡೆ ಡಿಗ್ರಿಗೆ ಕೊಟ್ಟ ವರ್ಷಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಒಂದೊಂದೇ ಕೆಲಸ ಹಿಡಿದು ನೋಡೋಣ.

ಎದುರಿಗೆ ಡಾಕ್ಟರ್ ಇದ್ದಾಗ

ನನ್ನ ಮೊದಲ ವರ್ಷದ ಒಂದು ಸಂಜೆ ನೆನಪಿದೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಬಗ್ಗೆ ಹೇಳಲು ಒಬ್ಬ ಹಿರಿಯ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಕೊನೆಯ ರೋಗಿ ಹೋದ ಮೇಲೆ ಒಳಗೆ ಕರೆದರು. ಸಿಗುವುದು 2 ನಿಮಿಷ. ಬಾಯಿಪಾಠ ಮಾಡಿದ್ದನ್ನು ಶುರುಮಾಡುವ ಮೊದಲೇ ಅವರು ಕೇಳಿದರು: ‘ಈಗ ಹೋದ ರೋಗಿಯ ಇಜಿಎಫ್‌ಆರ್ 35. ಅವರಿಗೆ ನಿಮ್ಮ ಮಾತ್ರೆ ಎಷ್ಟು ಕೊಡಬೇಕು?’ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವುದರ ಲೆಕ್ಕ ಅದು. ಡಾಕ್ಟರುಗಳಿಗೆ ತೋರಿಸಲು ನನ್ನ ಕೈಯಲ್ಲಿದ್ದ ಚಿತ್ರಪುಟಗಳ ವಿಷುಯಲ್ ಏಡ್‌ನಲ್ಲಿ ಆ ಪುಟವೇ ಇರಲಿಲ್ಲ. ‘ಗೊತ್ತಿಲ್ಲ ಸರ್, ನಾಳೆ ತಂದು ಹೇಳುತ್ತೇನೆ’ ಅಂದೆ. ರಾತ್ರಿ ಕೂತು ಔಷಧದ ಪೂರ್ತಿ ಮಾಹಿತಿ ಪತ್ರ ಓದಿದೆ. ಕಿಡ್ನಿ ತೊಂದರೆ ಇದ್ದವರ ಡೋಸ್ ಬರೆದಿದ್ದ ಸಾಲಿಗೆ ಗೆರೆ ಎಳೆದು ಮರುದಿನ ತೋರಿಸಿದೆ. ಆವತ್ತು ಅವರು 10 ನಿಮಿಷ ಕೊಟ್ಟರು.

ಆ 10 ನಿಮಿಷದಲ್ಲೇ ಆ ಮಾತ್ರೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಟ್ರಯಲ್ ಬಗ್ಗೆ ಇನ್ನೊಂದು ಪ್ರಶ್ನೆಯೂ ಬಂತು. ‘ಈ ಟ್ರಯಲ್‌ನಲ್ಲಿ ಹಳೆಯ ಔಷಧಕ್ಕಿಂತ ಕಡಿಮೆಯಿಲ್ಲ ಅಂತ ತೋರಿಸಲು ಇಟ್ಟುಕೊಂಡ ಮಿತಿ ಇಷ್ಟು ಸಡಿಲ ಯಾಕೆ?’ ಅದಕ್ಕೆ ಒಂದು ರಾತ್ರಿಯ ಓದು ಸಾಲುವುದಿಲ್ಲ. ವಾರದ ನಂತರ ನಮ್ಮ ಮೆಡಿಕಲ್ ವಿಭಾಗದ ಒಬ್ಬ ಪಿಎಚ್‌ಡಿ ಮೇಡಂ ಬಂದು ಉತ್ತರ ಕೊಟ್ಟರು. ಇಬ್ಬರೂ ಅರ್ಧ ಗಂಟೆ ಅಂಕಿಸಂಖ್ಯೆಯ ಭಾಷೆಯಲ್ಲೇ ಮಾತಾಡಿದರು. ನಾನು ಪಕ್ಕದಲ್ಲಿ ಕೂತು ಕೇಳಿದೆ.

ಒಂದೇ ಕೋಣೆ, ಒಬ್ಬರೇ ಡಾಕ್ಟರ್, ಎರಡು ಬೇರೆ ಕೆಲಸ. ನನ್ನದು ಮಾರಾಟದ ಕೆಲಸ. ಅದಕ್ಕೆ ಒಂದು ಪದವಿ, ಓಡಾಡುವ ಶಕ್ತಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಪ್ರಾಮಾಣಿಕತೆ ಇದ್ದರೆ ಸಾಕು. ಉಳಿದದ್ದನ್ನು ಕೆಲಸವೇ ಕಲಿಸುತ್ತದೆ. ಅವರದ್ದು ಮೆಡಿಕಲ್ ಸೈನ್ಸ್ ಲಿಯೇಸನ್ ಅನ್ನುವ ಹುದ್ದೆ, ಚಿಕ್ಕದಾಗಿ ಎಂಎಸ್ಎಲ್. ಈ ಹುದ್ದೆಯನ್ನು 1967ರಲ್ಲಿ ಮೊದಲು ಶುರುಮಾಡಿದ್ದು ಅಪ್‌ಜಾನ್ ಎಂಬ ಅಮೆರಿಕದ ಕಂಪನಿ. ಆಗ ಅದಕ್ಕೆ ಆರಿಸಿಕೊಂಡಿದ್ದು ವಿಜ್ಞಾನದಲ್ಲಿ ಗಟ್ಟಿ ಇದ್ದ ಅನುಭವಿ ರೆಪ್‌ಗಳನ್ನೇ. ಈಗ ಕಾಲ ಬದಲಾಗಿದೆ. ಎಂಡಿ, ಪಿಎಚ್‌ಡಿ, ಫಾರ್ಮ್‌ಡಿ (ಫಾರ್ಮಸಿಯ ಡಾಕ್ಟರ್ ಪದವಿ) ಈ ಮೂರರಲ್ಲಿ ಒಂದು ಇಲ್ಲದೆ ಹೆಚ್ಚಿನ ಕಂಪನಿಗಳು ಅರ್ಜಿಯನ್ನೇ ನೋಡುವುದಿಲ್ಲ. 10 ವರ್ಷ ಡಾಕ್ಟರುಗಳ ಜೊತೆ ಓಡಾಡಿದ್ದೇನೆ ಅನ್ನುವ ಮಾತು ಅಲ್ಲಿ ನಡೆಯುವುದು ಕಷ್ಟ. ಇದು ನ್ಯಾಯವಾ ಅಂದರೆ, ಪೂರ್ತಿ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಿಯಮ ಹಾಗಿದೆ ಅಂತ ಮೊದಲೇ ಗೊತ್ತಿದ್ದರೆ ವರ್ಷಗಳು ಉಳಿಯುತ್ತವೆ. ಮೆಡಿಕಲ್ ವಿಭಾಗವೇ ನಿಮ್ಮ ಗುರಿಯಾಗಿದ್ದರೆ ಓದು ಮೊದಲು, ಅನುಮಾನವೇ ಬೇಡ.

ಎದುರಿಗೆ ಸರ್ಕಾರದ ಪರಿಶೀಲಕರು ಇದ್ದಾಗ

ರೆಗ್ಯುಲೇಟರಿ ವಿಭಾಗದ ಕೆಲಸ ಏನು ಅಂದರೆ, ಔಷಧಕ್ಕೆ ಅನುಮತಿ ಕೇಳುವ ಅರ್ಜಿ ಕಟ್ಟುವುದು, ಅದರ ಮೇಲೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡುವುದು, ಅನುಮತಿ ಸಿಕ್ಕ ಮೇಲೂ ಅದನ್ನು ಉಳಿಸಿಕೊಳ್ಳುವುದು. 1990ರಲ್ಲಿ ಯುರೋಪ್, ಅಮೆರಿಕ, ಜಪಾನ್ ಸೇರಿ ಔಷಧದ ಅನುಮತಿಯ ನಿಯಮಗಳನ್ನು ಹೊಂದಿಸಲು ಐಸಿಎಚ್ ಅನ್ನುವ ಸಂಸ್ಥೆ ಕಟ್ಟಿದವು. ಅದರಿಂದಾಗಿ ಈಗ ಬಹಳ ದೇಶಗಳಲ್ಲಿ ಅರ್ಜಿಯ ಚೌಕಟ್ಟು ಒಂದೇ. ಸಿಟಿಡಿ ಅಂತ ಅದರ ಹೆಸರು. 5 ಭಾಗ: ಆಯಾ ದೇಶದ ಆಡಳಿತ ಕಾಗದಗಳು, ಸಾರಾಂಶಗಳು, ಗುಣಮಟ್ಟ, ಪ್ರಾಣಿಗಳ ಮೇಲಿನ ಹಾಗೂ ಪ್ರಯೋಗಾಲಯದ ಅಧ್ಯಯನ, ಮನುಷ್ಯರ ಮೇಲಿನ ಟ್ರಯಲ್.

ಈ 5 ಭಾಗಗಳ ಹೆಸರನ್ನು ಯಾವ ಕೋರ್ಸಿನಲ್ಲೂ ಒಂದು ದಿನದಲ್ಲಿ ಕಲಿಯಬಹುದು. ಮೂರನೇ ಭಾಗದ ಒಂದು ಅಶುದ್ಧಿಯ ಮಿತಿಯ ಬಗ್ಗೆ ಪರಿಶೀಲಕರು ಪ್ರಶ್ನೆ ಕಳಿಸಿದಾಗ ಕಾರ್ಖಾನೆಯಲ್ಲಿ ಯಾರನ್ನು ಹಿಡಿಯಬೇಕು, ಯಾವ ಬ್ಯಾಚಿನ ದಾಖಲೆ ತೆಗೆಸಬೇಕು, ಎಷ್ಟು ಹೇಳಿದರೆ ಸಾಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಕೋರ್ಸಿನಲ್ಲಿ ಕಲಿಯಲಾಗುವುದಿಲ್ಲ. ಅದಕ್ಕೆ ಕೈ ಪಳಗಬೇಕು.

ಕೈ ಪಳಗಲು ಎಷ್ಟು ಕಾಲ ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಕೊಡುವ ಎಫ್‌ಡಿಎ ಹೊಸ ಅಣುವಿನ ಅರ್ಜಿಯನ್ನು ಸ್ವೀಕರಿಸುವ ಹಂತಕ್ಕೆ 60 ದಿನ ತೆಗೆದುಕೊಳ್ಳುತ್ತದೆ. ಆಮೇಲೆ ಸಾಮಾನ್ಯ ಪರಿಶೀಲನೆಗೆ 10 ತಿಂಗಳ ಗುರಿ, ಆದ್ಯತೆಯ ಔಷಧಕ್ಕೆ 6 ತಿಂಗಳು. ಅರ್ಜಿ ಕಟ್ಟುವುದಕ್ಕೆ ಹಿಡಿಯುವ ತಿಂಗಳುಗಳು ಬೇರೆ. ಅಂದರೆ 2 ವರ್ಷದ ಅನುಭವ ಅಂದರೆ ಒಂದು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ನೋಡಿದಷ್ಟು. ಇಂಟರ್‌ವ್ಯೂನಲ್ಲಿ ನಾವು ವರ್ಷ ಎಣಿಸುವುದಿಲ್ಲ, ಎಷ್ಟು ಅರ್ಜಿ ದಾಟಿಸಿದ್ದೀರಿ ಅಂತ ಕೇಳುತ್ತೇವೆ.

ಹಾಗಾಗಿ ಇಲ್ಲಿ ನನ್ನ ಓಟು ಅನುಭವಕ್ಕೆ. ಫಾರ್ಮಸಿ ಅಥವಾ ಕೆಮಿಸ್ಟ್ರಿ ಪದವಿ ಇದ್ದು, ಚಿಕ್ಕ ಕಂಪನಿಯಲ್ಲಾದರೂ ಈ ವಿಭಾಗದಲ್ಲಿ ಜಾಗ ಸಿಕ್ಕರೆ ಸೇರಿಕೊಳ್ಳಿ. ಚಿಕ್ಕ ಕಂಪನಿಯಲ್ಲಿ ಒಂದು ಲಾಭವೂ ಇದೆ: ಕೆಲಸಗಾರರು ಕಡಿಮೆ, ಹಾಗಾಗಿ 5 ಭಾಗಗಳಿಗೂ ಕೈಹಾಕಬೇಕಾಗುತ್ತದೆ. ದೊಡ್ಡ ಕಂಪನಿಯಲ್ಲಿ ಮೂರು ವರ್ಷ ಒಂದೇ ಭಾಗದ ಒಂದೇ ತುಂಡು ನೋಡಿಕೊಂಡವರನ್ನು ಕಂಡಿದ್ದೇನೆ. ಮುಂದೆ ಕಾಗದದ ಬಲ ಬೇಕು ಅನ್ನಿಸಿದರೆ ರೆಗ್ಯುಲೇಟರಿ ಕೆಲಸದವರಿಗೆ ಅಂತಲೇ ಆರ್‌ಎಸಿ ಅನ್ನುವ ಪರೀಕ್ಷೆ ಇದೆ. ಕೆಲಸ ಬಿಡದೆ ಬರೆಯಬಹುದು. ಮಾಸ್ಟರ್ಸ್ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಅನ್ನುವ ಕಂಪನಿಗಳೇ ನಿಮ್ಮ ಸುತ್ತ ಇದ್ದರೆ ಮಾತ್ರ ಮೊದಲು ಓದಿ.

ಎದುರಿಗೆ ದುಡ್ಡು ಕೊಡುವವರು ಇದ್ದಾಗ

ಔಷಧಕ್ಕೆ ಅನುಮತಿ ಸಿಕ್ಕರೆ ಮುಗಿಯಲಿಲ್ಲ. ಅನೇಕ ದೇಶಗಳಲ್ಲಿ ಔಷಧದ ದುಡ್ಡು ಕೊಡುವುದು ಸರ್ಕಾರ ಅಥವಾ ವಿಮೆ. ‘ಇದು ಈಗಿರುವ ಔಷಧಕ್ಕಿಂತ ಎಷ್ಟು ಮೇಲು, ಆ ಮೇಲಿಗೆ ಇಷ್ಟು ಬೆಲೆ ಯಾಕೆ?’ ಅಂತ ಅವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ 1999ರಲ್ಲಿ ಶುರುವಾದ ನೈಸ್ ಸಂಸ್ಥೆ ಈ ಪ್ರಶ್ನೆಯನ್ನೇ ಕೇಳುತ್ತದೆ. ಜರ್ಮನಿಯಲ್ಲಿ 2011ರಿಂದ ಹೊಸ ಔಷಧಗಳ ಹೆಚ್ಚುವರಿ ಪ್ರಯೋಜನವನ್ನು ಅಳೆದ ಮೇಲೆ ಬೆಲೆಯ ಮಾತುಕತೆ ನಡೆಯುತ್ತದೆ. ಈ ಕೆಲಸಕ್ಕೆ ಮಾರ್ಕೆಟ್ ಆಕ್ಸೆಸ್ ಅನ್ನುತ್ತಾರೆ.

ಇಲ್ಲಿ ರೋಗಿಗೆ ಸಿಗುವ ಹೆಚ್ಚುವರಿ ಆಯಸ್ಸನ್ನು ಅದರ ಗುಣಮಟ್ಟದ ಜೊತೆ ಸೇರಿಸಿ ಅಳೆಯುವ ಲೆಕ್ಕಗಳಿವೆ, 20 ವರ್ಷ ಮುಂದಿನವರೆಗೆ ಕಾಯಿಲೆ ಹೇಗೆ ಸಾಗುತ್ತದೆ ಅಂತ ತೋರಿಸುವ ಮಾದರಿಗಳಿವೆ. ಎದುರಿಗಿರುವವರು ಆರೋಗ್ಯ ಅರ್ಥಶಾಸ್ತ್ರ ಓದಿದವರು. ಮಾದರಿಯಲ್ಲಿ ಒಂದು ಊಹೆ ಸಡಿಲವಾಗಿದ್ದರೆ ಹಿಡಿದುಬಿಡುತ್ತಾರೆ. ಹೀಗಾಗಿ ಆರೋಗ್ಯ ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯ ಅಥವಾ ಅಂಕಿಸಂಖ್ಯಾಶಾಸ್ತ್ರದಲ್ಲಿ ಮಾಸ್ಟರ್ಸ್ ಬೇಕೇಬೇಕು. ಲೆಕ್ಕದ ಮೇಲೆ ಪ್ರೀತಿ ಇರುವವರಿಗೆ ನಾನು ಮೊದಲು ತೋರಿಸುವ ದಾರಿ ಇದು.

ಬ್ರ್ಯಾಂಡ್ ಮತ್ತು ಅಂದಾಜು: ಎರಡೂ ಬೇಕಾಗುವ ಜಾಗ

ಔಷಧ ಕಂಪನಿಯ ‘ಬಿಸಿನೆಸ್’ ಅಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಯಾವ ಔಷಧ ಬಿಡುಗಡೆ ಮಾಡಬೇಕು, ಯಾರಿಗೆ ಹೇಳಬೇಕು, ಎಷ್ಟು ಮಾರಾಟವಾಗಬಹುದು. ಇಲ್ಲಿ ಡಿಗ್ರಿ ಏನು ಕೊಡುತ್ತದೆ, ಅನುಭವ ಏನು ಕೊಡುತ್ತದೆ ಅನ್ನುವುದನ್ನು ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡೇ ತೋರಿಸುತ್ತೇನೆ.

ಒಂದು ಕಾಯಿಲೆ ಇರುವವರು 1,00,000 ಜನ ಅಂತಿಟ್ಟುಕೊಳ್ಳಿ. ಅವರಲ್ಲಿ ಕಾಯಿಲೆ ಪತ್ತೆಯಾಗಿರುವುದು ನೂರಕ್ಕೆ 60 ಜನರಿಗೆ, ಅಂದರೆ 60,000. ಅದರಲ್ಲಿ ಚಿಕಿತ್ಸೆ ತೆಗೆದುಕೊಳ್ಳುವವರು ನೂರಕ್ಕೆ 70, ಅಂದರೆ 42,000. ನಮ್ಮ ಔಷಧ ಮೊದಲ ಔಷಧ ಕೆಲಸ ಮಾಡದವರಿಗೆ ಮಾತ್ರ. ಅಂಥವರು ಮೂರರಲ್ಲಿ ಒಂದು ಭಾಗ, 14,000. ಅದರಲ್ಲಿ ನಮಗೆ ನೂರಕ್ಕೆ 20 ಪಾಲು ಸಿಕ್ಕರೆ 2,800. ಕೊನೆಗೆ, ಬರೆದುಕೊಟ್ಟ ಮಾತ್ರೆಯನ್ನು ಎಲ್ಲರೂ ವರ್ಷವಿಡೀ ನುಂಗುವುದಿಲ್ಲ. ನೂರಕ್ಕೆ 75ರಷ್ಟು ದಿನ ನುಂಗುತ್ತಾರೆ ಅಂದರೆ ಲೆಕ್ಕಕ್ಕೆ ಸಿಗುವುದು 2,100 ರೋಗಿಗಳ ವರ್ಷದ ಮಾತ್ರೆ. ಒಂದು ಲಕ್ಷದಿಂದ ಶುರುವಾಗಿ ಎರಡು ಸಾವಿರದ ಹತ್ತಿರ ಬಂದು ನಿಂತೆವು.

ಈ ಶೀಟ್ ಕಟ್ಟುವುದನ್ನು ನಾನು ಕಲಿತದ್ದು ಎಂಬಿಎಯಲ್ಲಿ. ಯಾವ ಮೆಟ್ಟಿಲಾದ ಮೇಲೆ ಯಾವ ಮೆಟ್ಟಿಲು, ಪಾಲು ಮೊದಲ ವರ್ಷವೇ 20 ಆಗುವುದಿಲ್ಲ, ನಿಧಾನವಾಗಿ ಏರುತ್ತದೆ, ಏರುವ ರೇಖೆ ಹೇಗಿರುತ್ತದೆ, ಮುಂದಿನ ವರ್ಷಗಳ ದುಡ್ಡನ್ನು ಇವತ್ತಿನ ಬೆಲೆಗೆ ಹೇಗೆ ಇಳಿಸಬೇಕು, ಇವೆಲ್ಲ ಅಲ್ಲೇ ಬಂದದ್ದು. ರೆಪ್ ಆಗಿದ್ದಾಗ ನನಗೆ ಇದರ ಗಾಳಿಯೂ ಗೊತ್ತಿರಲಿಲ್ಲ.

ಆದರೆ ಶೀಟಿನಲ್ಲಿ ಯಾವ ಸಂಖ್ಯೆ ಸುಳ್ಳು ಹೇಳುತ್ತಿದೆ ಅನ್ನುವುದನ್ನು ಹಿಡಿದಿದ್ದು ರೆಪ್ ಕೆಲಸದ ಅನುಭವ. ‘ಮೂರರಲ್ಲಿ ಒಂದು ಭಾಗ’ ಅನ್ನುವ ಮೆಟ್ಟಿಲನ್ನು ನೋಡಿ. ಮೊದಲ ಔಷಧ ಕೆಲಸ ಮಾಡದಿದ್ದರೆ ಡಾಕ್ಟರ್ ಎರಡನೆಯದಕ್ಕೆ ಹೋಗುತ್ತಾರೆ ಅಂತ ಮಾರ್ಗಸೂಚಿಯಲ್ಲಿ ಬರೆದಿರುತ್ತದೆ. ಕ್ಲಿನಿಕ್ಕಿನಲ್ಲಿ ನಡೆಯುವುದು ಹಾಗಲ್ಲ. ಅವರು ಮೊದಲು ಡೋಸ್ ಹೆಚ್ಚಿಸುತ್ತಾರೆ. ಮೂರು ತಿಂಗಳು ಕಾಯುತ್ತಾರೆ. ‘ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಾ?’ ಅಂತ ಕೇಳುತ್ತಾರೆ. ರೋಗಿ ಆಮೇಲೆ ಬರುವುದೇ ಇಲ್ಲ. ಹೀಗೆ ಎರಡನೇ ಔಷಧದ ಹತ್ತಿರ ಬಂದು ತಲುಪುವವರು ಶೀಟಿನಲ್ಲಿ ಇರುವುದಕ್ಕಿಂತ ತುಂಬಾ ಕಡಿಮೆ. ಆ ಒಂದು ಮೆಟ್ಟಿಲನ್ನು ಮೂರರಲ್ಲಿ ಒಂದರಿಂದ ಆರರಲ್ಲಿ ಒಂದಕ್ಕೆ ಇಳಿಸಿ ನೋಡಿ. 2,100 ಇದ್ದದ್ದು 1,050 ಆಗುತ್ತದೆ. ಅರ್ಧ ವ್ಯಾಪಾರವೇ ಹೋಯಿತು. ಕಾರ್ಖಾನೆಯಲ್ಲಿ ಎಷ್ಟು ಮಾತ್ರೆ ಮಾಡಬೇಕು, ಎಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಅನ್ನುವುದೆಲ್ಲ ಈ ಸಂಖ್ಯೆಯ ಮೇಲೆ ನಿಂತಿರುತ್ತದೆ.

ಕೆಲಸವನ್ನೇ ನೋಡದೆ ಎಂಬಿಎಗೆ ಹೋದವರು ಶೀಟ್ ಚೆನ್ನಾಗಿ ಕಟ್ಟುತ್ತಾರೆ, ಆ ಮೆಟ್ಟಿಲನ್ನು ನಂಬಿಬಿಡುತ್ತಾರೆ. ಬರೀ ಅನುಭವ ಇರುವವರಿಗೆ ಸಂಖ್ಯೆ ತಪ್ಪು ಅಂತ ಗೊತ್ತಿರುತ್ತದೆ, ಆದರೆ ಮೀಟಿಂಗಿನಲ್ಲಿ ಅದನ್ನು ತೋರಿಸಿಕೊಡಲು ಆಗುವುದಿಲ್ಲ. ಅದಕ್ಕೇ ಬ್ರ್ಯಾಂಡ್ ಕಡೆ ಬರಬೇಕು ಅನ್ನುವವರಿಗೆ ನಾನು ಹೇಳುವ ಕ್ರಮ ಒಂದೇ: 3ರಿಂದ 5 ವರ್ಷ ಕೆಲಸ, ಆಮೇಲೆ ಎಂಬಿಎ. ಒಳ್ಳೆಯ ಎಂಬಿಎ ಕಾಲೇಜುಗಳೂ ಕೆಲಸ ಮಾಡಿ ಬಂದವರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಕ್ಲಾಸಿನಲ್ಲಿ ನೀವು ಕೇಳುವ ಪ್ರಶ್ನೆಗಳೂ ಬೇರೆಯಾಗಿರುತ್ತವೆ.

ಲೈಸೆನ್ಸಿಂಗ್, ಗುಣಮಟ್ಟ

ನಾನಿರುವ ಲೈಸೆನ್ಸಿಂಗ್ ವಿಭಾಗಕ್ಕೆ ಕಾಲೇಜಿನಿಂದ ನೇರವಾಗಿ ಬರುವವರು ಕಡಿಮೆ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದರಲ್ಲಿ ಅರ್ಧದ ಹತ್ತಿರ ಸಂಶೋಧನೆ ಮತ್ತು ಟ್ರಯಲ್‌ಗೇ ಕಳೆದಿರುತ್ತದೆ. ಉಳಿದ ವರ್ಷಗಳಿಗೆ ಎಷ್ಟು ದುಡ್ಡು ಕೊಡಬಹುದು ಅಂತ ತೂಗುವುದೇ ನಮ್ಮ ಕೆಲಸ. ಟ್ರಯಲ್ ವರದಿ ಓದಲು ಬರಬೇಕು, ಪೇಟೆಂಟ್ ಕಾಗದ ಅರ್ಥವಾಗಬೇಕು, ಲೆಕ್ಕ ಗೊತ್ತಿರಬೇಕು. ಮೂರೂ ಒಬ್ಬರಲ್ಲೇ ಇರುವುದು ಅಪರೂಪ, ಹಾಗಾಗಿ ತಂಡದಲ್ಲಿ ಪಿಎಚ್‌ಡಿಯವರು, ವಕೀಲರು, ನನ್ನಂಥವರು ಒಟ್ಟಿಗೆ ಕೂರುತ್ತೇವೆ. ಬೇರೆ ಯಾವುದಾದರೂ ವಿಭಾಗದಲ್ಲಿ ಗಟ್ಟಿಯಾದ ಮೇಲೆ ಇಲ್ಲಿಗೆ ಬನ್ನಿ.

ಗುಣಮಟ್ಟದ ಕಡೆ ಒಂದು ವಿಷಯ ಮಾತ್ರ ಹೇಳುತ್ತೇನೆ. ಯುರೋಪಿಯನ್ ಒಕ್ಕೂಟದಲ್ಲಿ ತಯಾರಾದ ಪ್ರತಿ ಬ್ಯಾಚನ್ನು ಮಾರುಕಟ್ಟೆಗೆ ಬಿಡಲು ಕ್ವಾಲಿಫೈಡ್ ಪರ್ಸನ್ ಅನ್ನುವವರ ಸಹಿ ಬೇಕು. ಅವರಿಗೆ ಫಾರ್ಮಸಿ, ಕೆಮಿಸ್ಟ್ರಿಯಂಥ ವಿಷಯದಲ್ಲಿ ವಿಶ್ವವಿದ್ಯಾಲಯದ ಓದೂ ಇರಬೇಕು, ಪರವಾನಗಿ ಇರುವ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ 2 ವರ್ಷದ ಅನುಭವವೂ ಇರಬೇಕು ಅಂತ ಕಾನೂನೇ ಹೇಳುತ್ತದೆ. ಒಂದನ್ನು ಪೂರ್ತಿಯಾಗಿ ಇನ್ನೊಂದರ ಬದಲಿಗೆ ಕೊಡಲು ಅಲ್ಲಿ ಅವಕಾಶವೇ ಇಲ್ಲ.

ಓದುವುದಾದರೆ ಯಾವುದು?

ಎಂಬಿಎ ಬಗ್ಗೆ ಹೇಳಿದೆ. ಪಿಎಚ್‌ಡಿ ಬಗ್ಗೆ ನನಗೆ ಕಟ್ಟುನಿಟ್ಟಾದ ಅಭಿಪ್ರಾಯ ಇದೆ: ಬಿಸಿನೆಸ್ ಕಡೆ ಹೋಗಲು ಅನುಕೂಲವಾಗಲಿ ಅಂತ ಯಾರೂ ಪಿಎಚ್‌ಡಿಗೆ ಸೇರಬೇಡಿ. ಯುರೋಪಿನಲ್ಲಿ 3–4 ವರ್ಷ, ಅಮೆರಿಕದಲ್ಲಿ 5–6 ವರ್ಷ ಹಿಡಿಯುವ ಕೆಲಸ ಅದು. ಸಂಶೋಧನೆಯ ಮೇಲೆ ಪ್ರೀತಿ ಇದ್ದವರಿಗೆ ಮಾತ್ರ ಆ ವರ್ಷಗಳು ಸಾರ್ಥಕ. ಪ್ರೀತಿಯಿಂದ ಮಾಡಿ, ಆಮೇಲೆ ಬಿಸಿನೆಸ್ ಕಡೆ ಮನಸ್ಸು ತಿರುಗಿದರೆ, ಬಾಗಿಲು ತೆರೆದೇ ಇರುತ್ತದೆ. ವಿಜ್ಞಾನದ ಪಿಎಚ್‌ಡಿಗೆ ಅನೇಕ ಕಡೆ ಶುಲ್ಕ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ಅದಕ್ಕೇ ಅದರ ದುಡ್ಡಿನ ಲೆಕ್ಕವೂ ಬೇರೆ.

ಫಾರ್ಮ್‌ಡಿ ಮುಗಿಸಿದವರಿಗೆ ಅಮೆರಿಕದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ರಟ್ಗರ್ಸ್‌ನಂಥ ವಿಶ್ವವಿದ್ಯಾಲಯಗಳು ಕಂಪನಿಗಳ ಜೊತೆ ಸೇರಿ 1–2 ವರ್ಷದ ಫೆಲೋಶಿಪ್ ನಡೆಸುತ್ತವೆ. ಕಂಪನಿಯಲ್ಲೇ ಕೆಲಸ, ಸಂಬಳವೂ ಇದೆ, ಕಲಿಸುವವರೂ ಇರುತ್ತಾರೆ. ಓದು ಮತ್ತು ಅನುಭವದ ಜಗಳವನ್ನು ಇಷ್ಟು ಚೆನ್ನಾಗಿ ಬಗೆಹರಿಸುವ ದಾರಿ ನನಗೆ ಬೇರೆ ಕಂಡಿಲ್ಲ. ಇಂಥದ್ದು ನಿಮಗೆ ಎಟಕುವ ಹಾಗಿದ್ದರೆ ಬಿಡಬೇಡಿ.

‘ಫಾರ್ಮಾ ಮ್ಯಾನೇಜ್‌ಮೆಂಟ್’ ಅನ್ನುವ ಹೆಸರಿನ ಮಾಸ್ಟರ್ಸ್ ಬಗ್ಗೆ ಎಚ್ಚರ ಇರಲಿ. ಕೆಲವು ಒಳ್ಳೆಯವಿವೆ. ಸೇರುವ ಮೊದಲು ಒಂದು ಕೆಲಸ ಮಾಡಿ: ಕಳೆದ ಎರಡು ಬ್ಯಾಚಿನ ವಿದ್ಯಾರ್ಥಿಗಳು ಈಗ ಯಾವ ಹುದ್ದೆಯಲ್ಲಿದ್ದಾರೆ ಅಂತ ಒಬ್ಬೊಬ್ಬರನ್ನೇ ಹುಡುಕಿ ನೋಡಿ. ಡಿಗ್ರಿ ಇಲ್ಲದೆಯೂ ಸಿಗುತ್ತಿದ್ದ ಹುದ್ದೆಗಳಲ್ಲೇ ಹೆಚ್ಚಿನವರಿದ್ದರೆ ಆ ಕೋರ್ಸಿನಿಂದ ನಿಮಗೆ ಸಿಗುವುದು ಸರ್ಟಿಫಿಕೇಟ್ ಮಾತ್ರ.

ದೊಡ್ಡ ಹುದ್ದೆಯವರು ಏನು ಓದಿದ್ದಾರೆ ಅಂತ ನೋಡಿ ತೀರ್ಮಾನ ಮಾಡುವವರೂ ಇದ್ದಾರೆ. ಫೈಜರ್‌ನ ಮುಖ್ಯಸ್ಥ ಆಲ್ಬರ್ಟ್ ಬೌರ್ಲಾ ಪಶುವೈದ್ಯರು. 1993ರಲ್ಲಿ ಆ ಕಂಪನಿಯ ಪಶು ಆರೋಗ್ಯ ವಿಭಾಗಕ್ಕೆ ಸೇರಿದವರು. ಆಸ್ಟ್ರಾಜೆನೆಕಾದ ಪ್ಯಾಸ್ಕಲ್ ಸೊರಿಯೊ ಕೂಡ ಪಶುವೈದ್ಯರೇ, ಆಮೇಲೆ ಎಂಬಿಎ ಮಾಡಿದವರು. ಎಲೈ ಲಿಲ್ಲಿಯ ಡೇವಿಡ್ ರಿಕ್ಸ್ ಎಂಬಿಎ ಮುಗಿಸಿ 1996ರಲ್ಲಿ ಸೇರಿ ಅಲ್ಲೇ ಬೆಳೆದರು. 2011ರಿಂದ ಹತ್ತು ವರ್ಷ ಮರ್ಕ್ ನಡೆಸಿದ ಕೆನೆತ್ ಫ್ರೇಜಿಯರ್ ವಕೀಲರು. 2017ರಲ್ಲಿ ಜಿಎಸ್‌ಕೆ ಮುಖ್ಯಸ್ಥರಾದ ಎಮ್ಮಾ ವಾಲ್ಮ್ಸ್‌ಲಿ ಅದಕ್ಕೂ ಮೊದಲು ವರ್ಷಗಟ್ಟಲೆ ಸೌಂದರ್ಯವರ್ಧಕಗಳ ಕಂಪನಿಯಲ್ಲಿದ್ದವರು. ಐದು ಜನ, ಐದು ದಾರಿ. ಇವರಲ್ಲಿ ಒಬ್ಬರ ಓದನ್ನು ನಕಲು ಮಾಡಿದರೆ ಆ ಹುದ್ದೆ ಬರುವುದಿಲ್ಲ. ನಿಮ್ಮ ಮುಂದಿನ ಹುದ್ದೆಯಲ್ಲಿ ಈಗ ಇರುವ ಹತ್ತು ಜನರನ್ನು ನೋಡಿ, ಅದು ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕ

ಸಾಲ ಮಾಡಿ ಓದುವವರು ಇದನ್ನು ಕಾಗದದ ಮೇಲೆ ಬರೆದು ನೋಡಲೇಬೇಕು. ನಿಮ್ಮ ಈಗಿನ ಒಂದು ವರ್ಷದ ಸಂಬಳ 1 ಅಂತಿಟ್ಟುಕೊಳ್ಳಿ. 2 ವರ್ಷದ ಕೋರ್ಸಿನ ಶುಲ್ಕ ಮತ್ತು ಖರ್ಚು 2 ಆಯಿತು ಅನ್ನೋಣ. ಆ 2 ವರ್ಷ ಬಾರದೇ ಹೋದ ಸಂಬಳ ಇನ್ನೊಂದು 2. ಬಡ್ಡಿ ಬಿಟ್ಟು ಒಟ್ಟು 4.

ಓದಿ ಬಂದ ಮೇಲೆ ಸಂಬಳ ಒಂದೂವರೆ ಪಟ್ಟು ಆಯಿತು. ಸುಮ್ನೆ ನೋಡಿದರೆ ವರ್ಷಕ್ಕೆ ಅರ್ಧ ಲಾಭ, 8 ವರ್ಷಕ್ಕೆ ಸರಿಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ನೀವು ಕೆಲಸದಲ್ಲೇ ಇದ್ದಿದ್ದರೆ ಆ 2 ವರ್ಷದಲ್ಲಿ ಸಂಬಳ 1.2 ಆದರೂ ಆಗಿರುತ್ತಿತ್ತು. ಹಾಗಾಗಿ ನಿಜವಾದ ಲಾಭ ವರ್ಷಕ್ಕೆ 0.3 ಮಾತ್ರ. ಹಾಕಿದ 4 ವಾಪಸ್ ಬರಲು 13 ವರ್ಷಕ್ಕೂ ಜಾಸ್ತಿ ಬೇಕು. ಓದಿನಿಂದ ಸಂಬಳ ಎರಡು ಪಟ್ಟಾದರೆ ಲಾಭ 0.8, ಆಗ 5 ವರ್ಷ ಸಾಕು. ಒಂದೇ ಕೋರ್ಸ್ ಒಬ್ಬರಿಗೆ 5 ವರ್ಷ, ಇನ್ನೊಬ್ಬರಿಗೆ 13. ಕಾಲೇಜಿನವರು ಹೇಳುವ ಸರಾಸರಿ ಸಂಬಳವನ್ನು ಈ ಲೆಕ್ಕಕ್ಕೆ ಹಾಕಬೇಡಿ. ನಿಮ್ಮ ಹಾಗೆಯೇ ಫಾರ್ಮಾ ಹಿನ್ನೆಲೆಯಿಂದ ಹೋಗಿ ಫಾರ್ಮಾಕ್ಕೇ ವಾಪಸ್ ಬಂದವರಿಗೆ ಎಷ್ಟು ಸಿಕ್ಕಿತು ಅಂತ ಕೇಳಿ ಅದನ್ನು ಹಾಕಿ.

ಕಂಪನಿಯೇ ಶುಲ್ಕ ಕೊಟ್ಟು, ಕೆಲಸ ಮಾಡುತ್ತಾ ಓದಲು ಬಿಟ್ಟರೆ ಈ 4 ಅನ್ನುವುದು ಸೊನ್ನೆಯ ಹತ್ತಿರ ಬರುತ್ತದೆ. ಬದಲಿಗೆ ಓದು ಮುಗಿದ ಮೇಲೆ ಇಷ್ಟು ವರ್ಷ ಬಿಟ್ಟು ಹೋಗುವ ಹಾಗಿಲ್ಲ ಅಂತ ಬರೆಸಿಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ಎರಡು ವಿಷಯ ನೋಡಿ: ಮಧ್ಯದಲ್ಲಿ ಬಿಟ್ಟರೆ ಪೂರ್ತಿ ದುಡ್ಡು ಕಟ್ಟಬೇಕಾ ಅಥವಾ ಉಳಿದ ತಿಂಗಳಿಗೆ ತಕ್ಕಷ್ಟಾ? ಕಂಪನಿಯೇ ನಿಮ್ಮನ್ನು ಕೆಲಸದಿಂದ ತೆಗೆದರೆ ಏನು? ಎರಡನೆಯದು ಕಾಗದದಲ್ಲಿ ಇಲ್ಲದೆ ತೊಂದರೆಗೆ ಸಿಕ್ಕವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಓದು ಮುಗಿಸಿ ಮೂರು ತಿಂಗಳಿಗೆ ಅವರ ವಿಭಾಗವೇ ಮುಚ್ಚಿತು, ಶುಲ್ಕ ವಾಪಸ್ ಕೇಳುವ ಪತ್ರ ಮನೆಗೆ ಬಂತು. ಕೆಲಸ ಮಾಡುತ್ತಾ ಓದುವುದು ಮೈಮನಸ್ಸನ್ನು ಹಿಂಡಿಬಿಡುತ್ತದೆ ಅನ್ನುವುದನ್ನೂ ಮನೆಯವರಿಗೆ ಮೊದಲೇ ಹೇಳಿರಿ.

ಮೂರು ಜನಕ್ಕೆ ಹೇಳಿದ್ದು

ಈಚೆಗೆ ಮೂವರು ನನ್ನನ್ನು ಇದೇ ಪ್ರಶ್ನೆ ಕೇಳಿದರು. ಮೊದಲನೆಯವಳು ಫಾರ್ಮಸಿ ಪದವಿ ಮುಗಿಸಿದ ಹುಡುಗಿ. ಒಂದು ಚಿಕ್ಕ ಜೆನೆರಿಕ್ ಕಂಪನಿಯ ರೆಗ್ಯುಲೇಟರಿ ವಿಭಾಗದಲ್ಲಿ ಕೆಲಸ, ಒಂದು ಸಾಧಾರಣ ಎಂಬಿಎ ಸೀಟು, ಎರಡೂ ಇದ್ದವು. ಕೆಲಸಕ್ಕೆ ಸೇರಮ್ಮ ಅಂದೆ. ಎಂಬಿಎ ಸೀಟು ಮೂರು ವರ್ಷ ಬಿಟ್ಟು ಇನ್ನೂ ಒಳ್ಳೆಯದೇ ಸಿಗುತ್ತದೆ, ಕಂಪನಿಯ ಆ ಜಾಗ ಕಾಯುವುದಿಲ್ಲ.

ಎರಡನೆಯವರು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಟ್ರಯಲ್ ವರದಿಗಳನ್ನು ಓದುವುದೆಂದರೆ ಅವರಿಗೆ ಇಷ್ಟ. ಎಂಎಸ್ಎಲ್ ಆಗಬೇಕು, ಅದಕ್ಕೆ ಮೊದಲು ಮಾರಾಟದಲ್ಲಿ ಎರಡು ವರ್ಷ ಕಳೆದರೆ ಒಳ್ಳೆಯದಾ ಅಂತ ಕೇಳಿದರು. ಬೇಡ ಅಂದೆ. ಆ ಎರಡು ವರ್ಷವನ್ನು ಫಾರ್ಮ್‌ಡಿ ಪೂರೈಸಲು ಕೊಡಿ, ಆಸ್ಪತ್ರೆಯಲ್ಲಿ ನಡೆಯುವ ಟ್ರಯಲ್‌ಗಳಲ್ಲಿ ಈಗಲೇ ಕೈ ಜೋಡಿಸಿ ಅಂದೆ.

ಮೂರನೆಯವನು 7 ವರ್ಷ ರೆಪ್ ಆಗಿದ್ದವನು. 31 ವರ್ಷ, ಮನೆ ಸಾಲ, ಚಿಕ್ಕ ಮಗು. ಬ್ರ್ಯಾಂಡ್ ವಿಭಾಗಕ್ಕೆ ಹೋಗಲು ಕೆಲಸ ಬಿಟ್ಟು ಎಂಬಿಎ ಮಾಡಲು ಹೊರಟಿದ್ದ. ಅವನ ಲೆಕ್ಕವನ್ನು ಒಟ್ಟಿಗೆ ಕೂತು ಬರೆದೆವು. 13 ವರ್ಷದ ಹತ್ತಿರವೇ ಬಂತು. ಮೊದಲು ಮ್ಯಾನೇಜರ್ ಹತ್ತಿರ ಹೋಗಿ ಮುಂದಿನ ಔಷಧ ಬಿಡುಗಡೆಯ ತಂಡದಲ್ಲಿ 3 ತಿಂಗಳು ಅರೆಕಾಲ ಕೆಲಸ ಕೇಳು, ಅಲ್ಲಿಂದ ಕಂಪನಿಯ ಖರ್ಚಿನ ಎಂಬಿಎ ಕೇಳು ಅಂದೆ. ಮೊದಲ ಸಲ ಇಲ್ಲ ಅಂದರು, ಎರಡನೇ ಸಲ ಒಪ್ಪಿದರು. ಕಳೆದ ವಾರ ರಾತ್ರಿ ಫೋನ್ ಮಾಡಿದ್ದ. ಅಂದಾಜಿನ ಶೀಟ್ ಕಟ್ಟುತ್ತಿದ್ದಾನಂತೆ. ‘ಸರ್, ಇದರಲ್ಲಿ ರೋಗಿಗಳು ನೂರಕ್ಕೆ 75 ದಿನ ಮಾತ್ರೆ ತಗೊಳ್ತಾರೆ ಅಂತ ಹಾಕಿದ್ದಾರೆ. ನಾನು 7 ವರ್ಷ ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ನೋಡಿದ್ದೇನೆ, ಎರಡನೇ ತಿಂಗಳಿಗೆ ಅರ್ಧ ಜನ ವಾಪಸ್ ಬರೋದೇ ಇಲ್ಲ. ಇದನ್ನು ಎಷ್ಟಕ್ಕೆ ಇಳಿಸಲಿ?’ ಅಂತ ಕೇಳಿದ. ಅಂಗಡಿಗಳಿಂದ ಮರುಖರೀದಿಯ ದಾಖಲೆ ತರಿಸು, ಅದರ ಮೇಲೆ ಇಳಿಸು ಅಂದೆ.